ಪೀರನವಾಡಿ ನಾಕಾದಿಂದ ಲೈವ್: ಟಿವಿ ಮೈಕಿನ ಜೊತೆ ಎಕ್ಸ್‌ಕ್ಲೂಸಿವ್ ಮಾತು

2020ರ ಆಗಸ್ಟ್ 28ರ ನಸುಕಿನಲ್ಲಿ, ಬೆಳಗಾವಿಯ ಖಾನಾಪುರ ರಸ್ತೆಯ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ನಿಂತಿತು. ಬೆಳಗಾದ ಮೇಲೆ ಪ್ರತಿಮೆಯ ಪರ ಕನ್ನಡ ಗುಂಪು, ಸರ್ಕಲ್ಲಿಗೆ ಶಿವಾಜಿ ಹೆಸರೇ ಇರಲೆಂದ ಮರಾಠಿ ಗುಂಪು, ನಡುವೆ ಪೊಲೀಸರ ಲಾಠಿ. ಅಂಥ ಕಡೆ ಎಲ್ಲರ ಬಾಯಿಗೂ ಹೋಗಿಬರುವ ಟಿವಿ ಮೈಕು, ಸುದ್ದಿಯವರ ಭಾಷೆಯ ‘ಲೋಗೊ’, ಮೊನ್ನೆ ಬಿಡುವಾಗಿ ಸಿಕ್ಕಿತು.

ನೀವು ಬರದಿದ್ದರೆ ಗಲಾಟೆ ಆಗುತ್ತಿರಲಿಲ್ಲವೇ?

ಹಂಗ ಪೂರಾ ನನ್ನ ಮ್ಯಾಲ ಹಾಕಬ್ಯಾಡ್ರಿ. ಕರ್ನಾಟಕ-ಮಹಾರಾಷ್ಟ್ರ ಗಡಿ ತಂಟೆ ನನಗಿಂತ ಹಿರೇದು. ಅದರ ಮ್ಯಾಲಿನ ಮಹಾಜನ ವರದಿ 1967ರದು, ಆವಾಗ ನಾ ಹುಟ್ಟೇ ಇರಲಿಲ್ಲ. ಆದ್ರ ನನ್ನ ಕಂಡ ಕೂಡ್ಲೆ ಮಂದಿ ದನಿ ಏರತೈತಿ, ಅದು ಖರೆ.

ಬೈಟ್ ಯಾರದು ತಗೊಳ್ತೀರಿ?

“ಅವರು ಕನ್ನಡ ಮಾತಾಡ್ತಾರ, ನಾವು ಮರಾಠಿ ಮಾತಾಡ್ತೀವಿ, ಸಂತಿ ಒಂದ ಐತಿ” ಅಂದಾಂವ ಎಡಿಟಿಂಗ್‌ನ್ಯಾಗ ಹಾರಿಹೋಗ್ತಾನ. “ಬಿಡೂದಿಲ್ಲ” ಅಂದಾಂವ ದಿನಾಪೂರ್ತಿ ಓಡ್ತಾನ. ಮುಂದ ಅವಂಗ ಟಿಕೆಟ್ ಬೇಕಾಗತೈತಿ.

ಮರಾಠಿ ಚಾನೆಲ್‌ನ ಮೈಕು?

ನನ್ನ ತಮ್ಮರೀ ಅಂವಾ. ನಾ ‘ಪುಂಡಾಟಿಕೆ’ ಅಂದ್ರ ಅಂವ ‘ದಡಪಶಾಹಿ’ ಅಂತಾನ. ನಡುವ ಬರೂ ಸಾಬಾಣದ ಜಾಹೀರಾತು ಇಬ್ರಿಗೂ ಒಂದ.

ಶಿವಾಜಿಗೂ ರಾಯಣ್ಣನಿಗೂ ಏನು ಜಗಳ?

ಶಿವಾಜಿ ಮಹಾರಾಜರು ತೀರಿಕೊಂಡಿದ್ದು 1680ರಾಗ. ರಾಯಣ್ಣನ್ನ ಬ್ರಿಟಿಷರು ಗಲ್ಲಿಗೇರಿಸಿದ್ದು 1831ರಾಗ, ಇಲ್ಲೇ ಖಾನಾಪುರ ತಾಲ್ಲೂಕಿನ ನಂದಗಡದಾಗ. ಇಬ್ರನ್ನೂ ಎದುರಾಬದುರಾ ನಿಲ್ಲಿಸಿ, ನಡುವ ಬೆಂಕಿ ಹಚ್ಚಿದ್ದು ನಮ್ಮ ಗ್ರಾಫಿಕ್ಸ್ ಹುಡುಗ್ರು.

ಆಮೇಲೆ ರಾಜಿ ಆಯ್ತಲ್ಲ? ಪ್ರತಿಮೆ ರಾಯಣ್ಣನದು, ಸರ್ಕಲ್ಲಿಗೆ ಶಿವಾಜಿ ಮಹಾರಾಜರ ಹೆಸರು. ಅದಕ್ಕೆಷ್ಟು ಹೊತ್ತು ಕೊಟ್ರಿ?

ಕೆಳಗಿನ ಪಟ್ಟಿನ್ಯಾಗ ಓಡಿಸಿದ್ವಿರೀ. ಎರಡೂ ಕಡೆಯವರು ಹೂಂ ಅಂದ ಮ್ಯಾಲ ಪ್ಯಾನೆಲ್‌ನ್ಯಾಗ ಯಾರನ್ನ ಕೂಡಸೂದು? ಆ್ಯಂಕರ್ ಯಾರ ಮ್ಯಾಲ ಒದರಬೇಕು?

ಅದೇ ಖಾನಾಪುರ ತಾಲ್ಲೂಕಿನ ಆಮಗಾಂವ್ ಕಾಡಿನಲ್ಲಿ ಮಳೆಗಾಲದಲ್ಲಿ ರೋಗಿಯನ್ನು ಹೊತ್ತುಕೊಂಡು ಬರಬೇಕಾಗಿತ್ತು. ಅಲ್ಲಿಗೆ ಹೋಗಿದ್ರಾ?

2024ರಾಗ ಆ ವಿಡಿಯೊ ಬಂದಿತ್ತಲ್ರೀ. ಹೊತ್ತವರು ತಲಿ ತಗ್ಗಿಸಿ ನಡದಿದ್ರು, ಒಬ್ರೂ ಘೋಷಣೆ ಕೂಗಲಿಲ್ಲ. ನನಗೇನ್ ಕೆಲಸ ಅಲ್ಲಿ? ಸ್ಪೀಡ್ ನ್ಯೂಸ್‌ನ್ಯಾಗ ಮುಗಸಿದ್ರು.

ನೋಡುಗರಿಗೆ ಏನಾದರೂ?

ನನ್ನ ಹೆಸರು ಹೇಳಂಗಿಲ್ಲ ಅಂದ್ರ ಹೇಳ್ತೀನ್ರೀ. ಗುಂಪು ಭಾಳ ದೊಡ್ಡದು ಕಂಡ್ರ, ಕ್ಯಾಮೆರಾ ಹಿಂದ ಸರಸ್ರಿ ಅಂತ ಕೇಳ್ರಿ. ಖಾನಾಪುರದ ಬಸ್ಸು, ಹಾಲಿನ ಗಾಡಿ, ಉದ್ಯಮಬಾಗದ ಕಾರ್ಖಾನಿ ಡ್ಯೂಟಿಗೆ ಹೊಂಟ ಮಂದಿ ಆವಾಗ ಕಾಣ್ತಾರ.