ಹಿತ್ತಲಿನ ಯೆಜ್ಡಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಯೆಜ್ಡಿ ಬೈಕುಗಳು ಮಾತ್ರ ಸಾಯಲು ಒಪ್ಪುತ್ತಿಲ್ಲ. ಯಾರದೋ ಹಿತ್ತಲಲ್ಲಿ ಕೋಳಿಗಳಿಗೆ ಸೀಟು ಬಿಟ್ಟುಕೊಟ್ಟು, ಭಾವುಕ ಮೊಮ್ಮಗನೊಬ್ಬನಿಗಾಗಿ ಕಾಯುತ್ತಿರುತ್ತವೆ.

ಅಂಥದ್ದಕ್ಕೆ ಮತ್ತೆ ಜೀವ ಕೊಡಲು ಹೊರಟರೆ, ಮೊದಲು ಟ್ಯಾಂಕು. ಸೀಮೆಎಣ್ಣೆ, ಒಂದು ಹಿಡಿ ಜಲ್ಲಿ ಹಾಕಿ ಕುಲುಕುತ್ತಿರಬೇಕು. ತುಕ್ಕು ಬರುತ್ತಲೇ ಇರುತ್ತದೆ. ಅದೆಲ್ಲ ಹೋದ ಮೇಲೆ ಟ್ಯಾಂಕು ಉಳಿದೀತೇ ಎಂಬ ಭಯವೂ ಬರುತ್ತದೆ. ಕಾರ್ಬ್ಯುರೇಟರ್ ಬಿಚ್ಚಿಡಲು ಅಡುಗೆಮನೆಯ ಸ್ಟೀಲ್ ತಟ್ಟೆಯೇ ಆಗಬೇಕು. ಅದನ್ನು ಮನೆಯಾಕೆ ಮತ್ತೆ ಒಳಗೆ ಸೇರಿಸುವುದಿಲ್ಲ, ಇದು ಖಂಡಿತ. ಜೆಟ್ಟಿನ ತೂತು ಸಾಸಿವೆಗಿಂತ ಸಣ್ಣದು. ಅದರಲ್ಲಿ ಕೂತ ಕಸಕ್ಕೆ ಇಡೀ ಗಾಡಿಯನ್ನು ನಿಲ್ಲಿಸುವ ತಾಕತ್ತು! ತಂತಿ ತೂರಿಸಿದರೆ ತೂತು ದೊಡ್ಡದಾದೀತು. ಗಾಳಿ ಊದಿದರೆ ಸಾಕು.

ಪ್ಲಗ್ಗು, ಪಾಯಿಂಟು ಉಜ್ಜಿದ್ದಾಯಿತೇ? ಇನ್ನು ಒದೆಯುವುದು. ಯೆಜ್ಡಿಗೆ ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಅಂಥ ಮಿತವ್ಯಯ ನಮ್ಮ ಯಾವ ಇಲಾಖೆಗೂ ಬಂದಿಲ್ಲ. ಒದೆಯುವ ಸದ್ದಿಗೆ ಬೀದಿ ನೆರೆಯುತ್ತದೆ. “ಚೋಕ್ ಎಳೀರಿ ಸಾರ್”, “ಇಳಿಜಾರಲ್ಲಿ ತಳ್ಳೋಣ ಬನ್ನಿ”, “ಗುಜರಿಯವ್ನು ಎಷ್ಟಕ್ಕೆ ಕೇಳ್ದ?” ಕೊನೆಯವನಿಗೆ ಕಾಫಿ ಕೊಡಬಾರದು.

ಒಮ್ಮೆ ಢುಗ್ ಎಂದಿತೋ, ಗುಜರಿಯವನ ಮಾತು ಅಲ್ಲಿಗೆ ಬಂದ್. ಜೋಡಿ ಸೈಲೆನ್ಸರಿನ ಹೊಗೆಯಲ್ಲಿ ಸಲಹೆಗಾರರೇ ಕಾಣುವುದಿಲ್ಲ.

ಎರಡು ಮಾತು ನೆನಪಿರಲಿ: ಇದು ಟೂ-ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮತ್ತೆ, ಪಕ್ಕದ ಮನೆಯವರು ಬಟ್ಟೆ ಒಣಹಾಕಿದ್ದಾರೆಯೇ ಎಂದು ನೋಡಿಕೊಂಡೇ ಒದೆಯಿರಿ.