ದಾಗೀನದಕ್ಕ

ನಿಮ್ಮ ಅಂಗಿಯ ಗುಂಡಿ ಸಡಿಲಾಗಿದ್ದರೆ ಅತನೂರದಲ್ಲಿ ಅದನ್ನು ಮೊದಲು ಕಾಣುವಾಕೆ ನಿಮ್ಮ ಹೆಂಡತಿಯಲ್ಲ, ದಾಗೀನದಕ್ಕ. ಹೆಂಡತಿ ಕಂಡರೆ ಸೂಜಿ ತರುತ್ತಾಳೆ, ದಾಗೀನದಕ್ಕ ಕಂಡರೆ ಕತ್ತರಿ. "ಹ್ಯಾಂಗೂ ನಾಳಿ ನಾಡದ ಬೀಳೋದೇ ಅದ ತಮ್ಮಾ, ಇವತ್ತೇ ಕೊಟ್ಟುಬಿಡು. ಇಂಥದ್ದೇ ಇನ್ನೊಂದು ಮನ್ಯಾಗ ಅದ, ಜೋಡಿ ಆಗ್ತದ" ಅನ್ನುತ್ತಾಳೆ. ಆಕೆಯ ಲೆಕ್ಕದಲ್ಲಿ ಈ ಜಗತ್ತಿನ ಸಾಮಾನುಗಳು ಎರಡೇ ಜಾತಿ. ಜೋಡಿ ಸಿಕ್ಕದ್ದು ಕಿವಿಗೆ, ಒಂಟಿ ಉಳಿದದ್ದು ಕೊರಳಿಗೆ.

ಆಕೆಗೆ ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿದೆ. ಓಣಿಯಲ್ಲಿ ಯಾರಿಗೂ ಅದು ನೆನಪಿಲ್ಲ. ನಮ್ಮದು ಅಫಜಲಪುರ ತಾಲೂಕಿನ ಹೋಬಳಿ ಊರಾದ್ದರಿಂದ ನಮಗೊಬ್ಬಳೇ ಇದ್ದಾಳೆ ಅಂತ ಬೀಗಬೇಕಿಲ್ಲ. ಕರಜಗಿಗೆ ಹೋಗಿ, ಚೌಡಾಪುರಕ್ಕೆ ಹೋಗಿ, ಗಾಣಗಾಪುರದ ಗುಡಿ ಬೀದಿಗೆ ಹೋಗಿ, ಇಂಥವಳೊಬ್ಬಳು ಕಟ್ಟಿಯ ಮೇಲೆ ಕೂತು ಏನನ್ನೋ ಪೋಣಿಸುತ್ತಿರುತ್ತಾಳೆ. ಗುರುತು ಹಿಡಿಯುವುದು ಸುಲಭ. ಮಾತಾಡುವಾಗ ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಚೀಲದ ಜಿಪ್ಪು ನೋಡುತ್ತಾಳೆ.

ಆಕೆಯ ಮನೆಯ ಮಾಡದಲ್ಲಿ ಸಾಲಾಗಿ ಡಬ್ಬಿಗಳಿವೆ. ಒಂದರಲ್ಲಿ ಒಡೆದ ಬಳೆ ಚೂರು, ಇನ್ನೊಂದರಲ್ಲಿ ಸೀತಾಫಲದ ಬೀಜ, ಮತ್ತೊಂದರಲ್ಲಿ ಹಳೆ ಸೀರೆಯ ಜರಿ, ಸೋಡಾ ಬಾಟ್ಲಿಯ ಮುಚ್ಚಳ, ತೀರಿದ ಪೆನ್ನಿನ ರೀಫಿಲ್ಲು, ಬೇರಿಂಗಿನ ಗುಂಡು. ಬೇರಿಂಗಿನ ಗುಂಡು ಎಲ್ಲಿಂದ ಬಂದವು ಎಂಬುದು ಆಕೆಯ ಯಜಮಾನರಿಗೆ ಸೈಕಲ್ಲು ಕರಕರ ಅನ್ನತೊಡಗಿದ ಮೇಲೆ ಗೊತ್ತಾಯಿತು. ಅವರು ಬಡಪಾಯಿ ಮನುಷ್ಯ. ಒಂದು ಮುಂಜಾನೆ ಬಿಪಿ ಗುಳಿಗಿ ಹುಡುಕಿದರೆ ಅಷ್ಟೂ ಗುಳಿಗಿ ಬಿಚ್ಚಿ ಬಟ್ಟಲಲ್ಲಿ ಹಾಕಿಟ್ಟಿತ್ತು. ಕೇಳಿದ್ದಕ್ಕೆ, "ಗುಳಿಗಿ ಅಲ್ಲೇ ಅವ ಅಲ್ರೀ! ನಂಗ ಮ್ಯಾಲಿನ ಬೆಳ್ಳಿ ಕಾಗದ ಬೇಕಾಗಿತ್ತು" ಅಂದಳು. ಆ ಕಾಗದ ಅದಾಗಲೇ ಪಕ್ಕದ ಮನೆ ಹುಡುಗಿಯ ಜಡೆಯಲ್ಲಿ ಮಿಂಚುತ್ತಿತ್ತು. ಆ ದಿನ ಅವರ ಬಿಪಿ ಎಷ್ಟಿತ್ತೆಂದು ಯಾರೂ ನೋಡಲಿಲ್ಲ.

ಲಗ್ನದ ಸೀಜನ್ ಬಂತೆಂದರೆ ದಾಗೀನದಕ್ಕನಿಗೆ ಸುಗ್ಗಿ. ಊರವರು ಲಗ್ನಪತ್ರಿಕೆ ಬಂದಾಗ ತಾರೀಖು ನೋಡುತ್ತಾರೆ, ಈಕೆ ಕಾಗದದ ದಪ್ಪ ನೋಡುತ್ತಾಳೆ. ಹೊಳಪಿನ ಪತ್ರಿಕೆಯಾದರೆ ಆ ಮನೆಯವರ ಮೇಲೆ ಗೌರವ ಒಂದು ಗುಂಜಿ ಹೆಚ್ಚು. ಪತ್ರಿಕೆಯನ್ನು ಉದ್ದ ಪಟ್ಟಿಗಳಾಗಿ ಕತ್ತರಿಸುತ್ತಾಳೆ, ಒಂದು ತುದಿ ಅರ್ಧ ಇಂಚು ಅಗಲ, ಇನ್ನೊಂದು ತುದಿ ಚೂಪು. ಅಗಲ ತುದಿಯಿಂದ ಊದಿನಕಡ್ಡಿಯ ಬಿದಿರಿಗೆ ಬಿಗಿಯಾಗಿ ಸುತ್ತುತ್ತ ಬಂದರೆ ಚೂಪು ತುದಿ ಕೊನೆಗೆ ನಟ್ಟನಡುವೆ ಬಂದು ಕೂಡುತ್ತದೆ. ಅದಕ್ಕೊಂದು ಹನಿ ಫೆವಿಕಾಲ್. ನಡುವೆ ಉಬ್ಬಿ ಎರಡೂ ಕಡೆ ಸಣ್ಣಗಾದ ಮಣಿ ತಯಾರು. ಮೇಲೆ ಎರಡು ಸಲ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದು, ಕಡ್ಡಿಯನ್ನು ಅರ್ಧ ಬಟಾಟಿಗೆ ಚುಚ್ಚಿ ಒಣಗಲು ಇಡುತ್ತಾಳೆ. ಆ ಬಟಾಟಿ ಮರುದಿನ ಪಲ್ಯವಾಗುತ್ತದೆಂದು ಯಜಮಾನರಿಗೆ ಅನುಮಾನ. ಆಕೆ ಇಲ್ಲ ಅನ್ನುತ್ತಾಳೆ.

ಹೀಗೆ ತಯಾರಾದ ಸರದಲ್ಲಿ ಒಂದು ಅನುಕೂಲವಿದೆ, ಓದಬಹುದು. ಒಂದು ಮಣಿಯಲ್ಲಿ 'ಸುಖಾಗಮನ', ಮುಂದಿನದರಲ್ಲಿ 'ಉಡುಗೊರೆ ಬೇಡ', ಪದಕದಲ್ಲಿ 'ಮುಹೂರ್ತ 12-05'. ನಮ್ಮ ಕಾಕಾ ಒಬ್ಬರು ಜಾತ್ರೆಯಲ್ಲಿ ಒಂದು ಹೆಣ್ಣುಮಗಳ ಕೊರಳನ್ನು ಬಹಳ ಹೊತ್ತು ನೋಡಿ ಬೈಸಿಕೊಂಡರು. ಅವರ ತಪ್ಪಿರಲಿಲ್ಲ. ಅಲ್ಲಿ ಅವರದೇ ಹೆಸರಿನ ಅರ್ಧ ಭಾಗ ಇತ್ತು.

2023ರ ಜೂನ್ 11ರಿಂದ ಸರ್ಕಾರ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಮಾಡಿತಲ್ಲ, ಅಲ್ಲಿಂದ ಆಕೆಯ ಉದ್ಯೋಗಕ್ಕೆ ರೆಕ್ಕೆ ಬಂತು. ಅದಕ್ಕೂ ಮೊದಲು ಕಿವಿಯ ಕೊಂಡಿಗೆ ಗಂಡನ ಗಾಡಿಯ ವೈರನ್ನೇ ಬಾಗಿಸುತ್ತಿದ್ದಳು. ಈಗ ಕಲಬುರಗಿಯ ಸೂಪರ್ ಮಾರ್ಕೆಟ್ಟಿಗೆ ಹೋಗಿ ಕೊಂಡಿ, ತಂತಿ, ರೇಷ್ಮೆ ದಾರ ತರುತ್ತಾಳೆ. ಹತ್ತು ರೂಪಾಯಿಯ ಕೊಂಡಿಗೆ ಊರಿಂದ ಕಲಬುರಗಿವರೆಗೆ ಹೋಗಿಬಂದದ್ದಕ್ಕೆ ಯಾರಾದರೂ ನಕ್ಕರೆ, "ಟಿಕೀಟಿನ ಮ್ಯಾಲ ಸೊನ್ನಿ ಅದ ನೋಡು, ಸೊನ್ನಿಗಿ ಸೊನ್ನಿ ಕೂಡಿಸಿದ್ರ ಎಷ್ಟಾಯ್ತು?" ಅಂತ ಕೇಳುತ್ತಾಳೆ. ಆ ಸೊನ್ನೆ ಟಿಕೀಟುಗಳನ್ನೂ ಬಿಸಾಡುವುದಿಲ್ಲ. ಕಾಗದ ತೆಳು, ಆದರೆ ಮೂಗುತಿಯ ಹರಳಿನ ಕೆಳಗೆ ಅಂಟಿಸಲು ಸಾಕು.

ಈ ಮನೆಯಲ್ಲಿ ನಿಜವಾದ ಬಂಗಾರ ಇಲ್ಲವೆಂದಲ್ಲ. ಅತ್ತೆಗೆ ಬೋರಮಾಳ ಇದೆ, ಪಾಟ್ಲಿ ಇವೆ, ಬುಗುಡಿ ಇವೆ. ಇವೆ ಎಂದರೆ ಬ್ಯಾಂಕಿನಲ್ಲಿವೆ. ಮಿರಗ ಮಳೆ ಬಿದ್ದು ತೊಗರಿ ಬಿತ್ತುವ ಹೊತ್ತಿಗೆ ಹೋಗುತ್ತವೆ, ರಾಶಿಯಾದ ಮೇಲೆ ಬರುತ್ತವೆ. ನೆಟೆ ರೋಗ ಬಿದ್ದ ವರ್ಷ ಬರುವುದೂ ಇಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ದೇಶಕ್ಕೆಲ್ಲ ಹೆಸರಾಯಿತು. ಅತ್ತೆ ಮಾತ್ರ ಕೊರಳು ಮುಟ್ಟಿಕೊಂಡು, "ಹೆಸರು ತೊಗರಿದು, ರಶೀದಿ ನಂದು" ಅಂದರು. 2025ರಲ್ಲಿ ಹತ್ತು ಗ್ರಾಂ ಬಂಗಾರ ಲಕ್ಷ ರೂಪಾಯಿ ದಾಟಿದಾಗ ಅತ್ತೆಯ ಮುಖದಲ್ಲಿ ಕಳೆ ಬಂತು. ಇಲ್ಲದ ಬೋರಮಾಳ ಕೂತಲ್ಲೇ ದುಬಾರಿಯಾಗುತ್ತಿತ್ತು.

ಸೊಸೆ ಈ ಸುದ್ದಿ ಕೇಳಿ ಬಾರಿಹಣ್ಣಿನ ಬೀಜ ಆರಿಸತೊಡಗಿದಳು. ಬೋರಮಾಳದ ಗುಂಡಾದರೂ ಒಳಗೆ ಟೊಳ್ಳು, ತೆಳ್ಳನೆ ಬಂಗಾರದ ತಗಡಿನೊಳಗೆ ಅರಗು ತುಂಬಿರುತ್ತಾರೆ. "ಒಳಗ ಅರಗು ಇದ್ರೇನು, ಬೀಜ ಇದ್ರೇನು? ಮಂದಿ ಒಡದು ನೋಡ್ತಾರೇನು?" ಎಂಬುದು ಆಕೆಯ ವಾದ. ಬೀಜ ತಿಕ್ಕಿ, ತೂತು ಕೊರೆದು, ಬಂಗಾರದ ಬಣ್ಣ ಹಚ್ಚಿ, ಕೆಂಪು ದಾರದಲ್ಲಿ ಪೋಣಿಸಿ ಕೊಟ್ಟಳು. ಅತ್ತೆ ಸಿಟ್ಟಿಗೆದ್ದರು. "ನನ್ನ ಲಗ್ನದ ಹೊತ್ತಿಗಿ ಆ ಮೊರಾರ್ಜಿ ಹದಿನಾಲ್ಕು ಕ್ಯಾರೆಟ್ಟಿನ ಮ್ಯಾಲ ದಾಗೀನ ಮಾಡಬ್ಯಾಡ್ರಿ ಅಂದಿದ್ದ. ಪತ್ತಾರರು ಕೆಲಸ ಇಲ್ದೆ ಕೂತಿದ್ರು. ಆವಾಗೂ ನಮ್ಮಪ್ಪ ನನಗ ಬೀಜ ಹಾಕಿ ಕಳಿಸಿರಲಿಲ್ಲ!" ಅಂದರು. ಮುದುಕಿಯ ನೆನಪು ಸರಿಯಾಗಿಯೇ ಇದೆ, ಆ ಬಂಗಾರ ನಿಯಂತ್ರಣ ಬಂದದ್ದು 1963ರ ಜನವರಿಯಲ್ಲಿ.

ಆದರೆ ತಂಗಿಯ ಮೊಮ್ಮಗಳ ಲಗ್ನ ಎದುರಿಗಿತ್ತು, ಕೊರಳು ಖಾಲಿ ಇತ್ತು, ಬ್ಯಾಂಕಿಗೆ ಭಾನುವಾರ ರಜೆ ಇತ್ತು. ಅತ್ತೆ ಬೀಜದ ಬೋರಮಾಳ ಹಾಕಿಕೊಂಡು ಸೆರಗು ಸ್ವಲ್ಪ ಮುಂದೆ ಎಳೆದುಕೊಂಡು ಹೋದರು. ಹಂದರದಲ್ಲಿ ಬೀಗತಿ ಹತ್ತಿರ ಬಂದು ಕೈಯಾಡಿಸಿ, "ಎಷ್ಟು ತೊಲಿದು ಯಕ್ಕಾ?" ಅಂದಳು. ಅತ್ತೆ ಸುಳ್ಳು ಹೇಳುವವರಲ್ಲ. "ನಮ್ಮ ಸೊಸಿ ಮಾಡ್ಯಾಳವ್ವ" ಅಂದರು. ಬೀಗತಿಯ ಕಿವಿಗೆ ಅದು 'ಮಾಡಿಸ್ಯಾಳ' ಅಂತ ಬಿತ್ತು. ಬೀಗತಿಯನ್ನು ತಿದ್ದುವುದು ನಮ್ಮ ಕಡೆ ಪದ್ಧತಿಯಲ್ಲ. ಆ ದಿನ ಅತ್ತೆಯನ್ನು ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂಡ್ರಿಸಿದರು.

ದಾಗೀನದಕ್ಕನಿಗೆ ಇತಿಹಾಸದ ಹುಚ್ಚು ಹಿಡಿದದ್ದು ಸನ್ನತಿಗೆ ಹೋಗಿಬಂದ ಮೇಲೆ. ನಮ್ಮ ತಾಲೂಕಿನ ಅಂಚಿನಲ್ಲಿ ಹರಿಯುವ ಭೀಮೆಯೇ ಮುಂದೆ ಚಿತ್ತಾಪುರ ತಾಲೂಕಿನ ಆ ಊರಿಗೂ ಹೋಗುತ್ತಾಳೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕೋ' ಎಂದು ಹೆಸರು ಕೆತ್ತಿದ ಶಿಲ್ಪವಿದೆ. ಜೊತೆಗೆ ಹೋದವರೆಲ್ಲ ಅಶೋಕ ಚಕ್ರವರ್ತಿಯನ್ನು ನೋಡಿ ಬಂದರು, ಈಕೆ ಹೆಂಗಸರ ಕಿವಿ ನೋಡಿ ಬಂದಳು. ಉತ್ಖನನದಲ್ಲಿ ಸುಟ್ಟ ಮಣ್ಣಿನ ಪದಕಗಳೂ ಸಿಕ್ಕಿವೆ ಎಂದು ಮಾಸ್ತರೊಬ್ಬರು ಹೇಳಿದ್ದೇ ತಪ್ಪಾಯಿತು. "ಎರಡು ಸಾವಿರ ವರ್ಷದ ಹಿಂದ ಮಣ್ಣಿಂದು ಹಾಕ್ಕೊಂಡಾರ. ನಿಮಗೇನು ಧಾಡಿ?" ಎಂದು ಇಡೀ ಓಣಿಗೆ ಸವಾಲು ಹಾಕಿ ಹೊಲದಿಂದ ಬುಟ್ಟಿ ಮಣ್ಣು ತಂದಳು.

ನಮ್ಮ ಎರಿ ಮಣ್ಣಿಗೆ ಅಶೋಕನ ಪರಿಚಯವಿಲ್ಲ. ಹಸಿಯಿದ್ದಾಗ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬ್ಯಾಸಗಿಯಲ್ಲಿ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಾಯಿ ಬಿಡುತ್ತದೆ. ಝುಮಕಿಯೂ ಹಾಗೇ ಬಾಯಿ ಬಿಟ್ಟಿತು. ಸಂಜೆ ಮಾಡಿಟ್ಟದ್ದು ಮುಂಜಾನೆಗೆ ನಾಲ್ಕು ಹೋಳು. ಕೊನೆಗೆ ಕುಂಬಾರರ ಮನೆಗೆ ಹೋದಳು. ಅಲ್ಲಿನ ಅಜ್ಜ, "ತಂಗೀ, ಈ ಮಣ್ಣು ತೊಗರಿಗಿ ಛಲೋ, ಕಿವಿಗಿ ಅಲ್ಲ" ಎಂದು ಕೆರೆಯ ಜೇಡಿ ಸೋಸಿ, ಒಂದಿಷ್ಟು ಸಣ್ಣ ಉಸುಕು ಬೆರೆಸಿ ಕೊಟ್ಟ. ನೆರಳಲ್ಲಿ ಒಣಗಿಸಿ ಕುಳ್ಳಿನ ಕೆಂಡದಲ್ಲಿ ಸುಟ್ಟ ಮೇಲೆ ಝುಮಕಿ ನಿಂತವು. ಸ್ವಲ್ಪ ತೂಕ. ಹಾಕಿಕೊಂಡವರು ಎರಡು ದಿನ ಎಲ್ಲದಕ್ಕೂ ಹೂಂ ಹೂಂ ಎಂದು ತಲೆದೂಗುತ್ತಾರೆ. ಯಜಮಾನರು ಒಮ್ಮೆ ಸುಮ್ಮನೆ, "ಇವನ್ನ ನೀನೇ ದಿನಾ ಹಾಕ್ಕೊ" ಅಂದರು.

ಗುಲಗಂಜಿಯ ಸರ ಒಂದು ಮಾತ್ರ ಆಕೆ ಪೂರ್ತಿ ಮಾಡಲಿಲ್ಲ. ಕೆಂಪು ಮೈ, ಕಪ್ಪು ಕಣ್ಣು, ನೋಡಲು ಏನು ಚೆಂದ! ಹಿಂದೆ ಪತ್ತಾರರು ಬಂಗಾರ ತೂಗಿದ್ದೇ ಅದರಲ್ಲಿ. ಆದರೆ ಅದರೊಳಗಿನದು ಪಕ್ಕಾ ವಿಷ. ಗಟ್ಟಿ ಸಿಪ್ಪೆ ಇರುವವರೆಗೆ ಸಾಧು, ತೂತು ಕೊರೆದರೆ ಬಾಗಿಲು ತೆರೆದಂತೆ, ಕೂಸುಗಳು ಅಗಿದರೆ ಪ್ರಾಣಕ್ಕೇ ಕುತ್ತು. ಆರೋಗ್ಯ ಉಪಕೇಂದ್ರದ ಸಿಸ್ಟರು ಹೇಳಿದ ಕೂಡಲೇ ಡಬ್ಬಿ ಸಮೇತ ಹುಗಿದಳು. ಡಬ್ಬಿಗೆ ಮಾತ್ರ ಇವತ್ತಿಗೂ ಮರುಗುತ್ತಾಳೆ.

ಆಕೆಯ ನಿಜವಾದ ಕೈಚಳಕ ನೋಡಬೇಕಾದರೆ ಸಂಕ್ರಮಣಕ್ಕೆ ಬನ್ನಿ. ಸೋಲಾಪುರ ಸೀಮೆ ಹತ್ತಿರವಾದ್ದರಿಂದ ನಮ್ಮಲ್ಲೂ ಕೂಸಿಗೆ, ಹೊಸ ಸೊಸೆಗೆ ಕುಸುರೆಳ್ಳಿನ ದಾಗೀನ ಹಾಕುವ ರೂಢಿಯುಂಟು. ಅಗ್ಗಿಷ್ಟಿಕೆಯ ಸಣ್ಣ ಉರಿಯ ಮೇಲೆ ಹರಿವಾಣ, ಅದರಲ್ಲಿ ಎಳ್ಳು, ಮೇಲೆ ಚಮಚೆ ಚಮಚೆ ಸಕ್ಕರೆ ಪಾಕ, ಬರಿಗೈಯ ಬೆರಳಲ್ಲಿ ಆಡಿಸುತ್ತಲೇ ಇರಬೇಕು. ಉರಿ ಜೋರಾದರೆ ಪಾಕ ಕೆಂಪಾಗುತ್ತದೆ, ಕೈ ನಿಂತರೆ ಉಂಡೆ ಕಟ್ಟುತ್ತದೆ. ತಾಸುಗಟ್ಟಲೆ ಕೂತರೆ ಒಂದೊಂದು ಎಳ್ಳಿಗೂ ಬಿಳಿ ಮುಳ್ಳು ಏಳುತ್ತವೆ. ಆ ಕಾಳುಗಳನ್ನು ದಾರಕ್ಕೆ ಬಿಗಿದು, ರಟ್ಟಿಗೆ ಅಂಟಿಸಿ ಕಿರೀಟ, ತೋಳಬಂದಿ, ಡಾಬು, ಬಿಲ್ವಾರ ಎಲ್ಲ ಮಾಡುತ್ತಾಳೆ. ಆವಾಗ ಮಾತ್ರ ಆಕೆ ಮಾತಾಡುವುದಿಲ್ಲ. ಬೆರಳ ತುದಿ ಸುಟ್ಟು ಕೆಂಪಾದರೂ ಕಣ್ಣು ಹರಿವಾಣ ಬಿಡುವುದಿಲ್ಲ. ಈ ಸಲ ಕಿರೀಟ ಹಾಕಿ ಫೋಟೋ ತೆಗೆಯುವಷ್ಟರಲ್ಲಿ ಕೂಸು ಒಂದು ಬಿಲ್ವಾರ ತಿಂದು ಮುಗಿಸಿತ್ತು. ಉಳಿದದ್ದಕ್ಕೆ ಇರುವೆ ಹತ್ತಿದವು. "ತಿನ್ಲಿ ಬಿಡ್ರಿ. ಬ್ಯಾಂಕಿನವರು ಒಯ್ಯೋದಕ್ಕಿಂತ ಛಲೋ" ಅಂದಳು.

ಇಷ್ಟೆಲ್ಲ ಬರುವಾಕೆಗೆ ಬಾರದ್ದು ಒಂದೇ, ರೇಟು ಹೇಳುವುದು. ಸ್ವಸಹಾಯ ಸಂಘದ ಸಭೆಯಲ್ಲಿ ಪ್ರತಿ ಸಲ ಎಲ್ಲರೂ, "ಯಕ್ಕಾ, ನೀ ಇದನ್ನ ಮಾರಬೇಕು ನೋಡು" ಅನ್ನುತ್ತಾರೆ. ಹಾಗೆ ಹೇಳಿದವರೇ ಎರಡು ಜೋಡಿ ಎತ್ತಿಕೊಂಡು, "ನಮ್ಮ ಹತ್ರ ಏನ್ ತಗೋತಿ?" ಅಂತ ನಗುತ್ತಾರೆ. ಒಮ್ಮೆ ಧೈರ್ಯ ಮಾಡಿ ಮೂವತ್ತು ರೂಪಾಯಿ ಅಂದಳು. ಸಭೆ ಗಪ್ಪಾಯಿತು. "ಮೂವತ್ತ? ಎಲ್ಲಾ ನಮ್ಮ ಮನಿ ಕಸಾನೇ ಅಲ್ಲ!" ಅಂದಿತು ಒಂದು ದನಿ. ಮಾಲು ಪುಕ್ಕಟೆ ಸಿಕ್ಕಿದ್ದರೆ ಕೈಯೂ ಪುಕ್ಕಟೆ ಎಂಬುದು ಸಂಘದ ಒಮ್ಮತದ ತೀರ್ಮಾನ. ರೇಷ್ಮೆ ದಾರದ ಒಂದು ಝುಮಕಿ ಸುತ್ತುವಷ್ಟರಲ್ಲಿ ಎರಡು ಧಾರಾವಾಹಿ ಮುಗಿಯುತ್ತವೆ ಎಂಬ ಲೆಕ್ಕ ಯಾರ ನಡಾವಳಿ ಪುಸ್ತಕದಲ್ಲೂ ಇಲ್ಲ.

ಹೀಗಿರುವಾಗ ಮೈದುನನ ಮಗನ ಲಗ್ನಕ್ಕೆ ತಾಳಿ ಖರೀದಿಗೆಂದು ಮನೆಯವರೆಲ್ಲ ಕಲಬುರಗಿಯ ಒಂದು ಬಂಗಾರದ ಅಂಗಡಿಗೆ ಹೋದರು. ಮಾಲೀಕ ಚೀಟಿ ಬರೆದು ಮುಂದಿಟ್ಟ. ಬಂಗಾರದ ರೇಟು, ಮಜೂರಿ, ವೇಸ್ಟೇಜು, ಅದರ ಮೇಲೆ ಮೂರು ಟಕ್ಕೆ ಜಿಎಸ್‌ಟಿ. ದಾಗೀನದಕ್ಕ ಚೀಟಿಯ ಮೇಲೆ ಬೆರಳಿಟ್ಟಳು.

"ಈ ವೇಸ್ಟೇಜು ಯಾತರದ್ರೀ ಅಣ್ಣಾ?"

"ಮಾಡುವಾಗ ಚೂರುಪಾರು ಹೋಗ್ತದಲ್ರೀ ಅಕ್ಕಾರ, ಅದರದು."

"ಹೋದ ಚೂರು ಎಲ್ಲಿ ಹೋಗ್ತದ? ಪತ್ತಾರರ ಅಂಗಡಿ ಧೂಳಾ ಸುದ್ದಾ ಕೊಂಡು, ತೊಳದು ಬಂಗಾರ ತಗಿಯೋರು ಅದಾರಲ್ಲ?"

ಮಾಲೀಕ ಚಹಾ ತರಿಸಿದ. ಬಂಗಾರದ ಅಂಗಡಿಯಲ್ಲಿ ಉತ್ತರ ಇಲ್ಲದ ಪ್ರಶ್ನೆಗೆ ಚಹಾ ಬರುತ್ತದೆ. ಅಷ್ಟರಲ್ಲಿ ಕೌಂಟರಿನ ಹುಡುಗಿಯ ಕಣ್ಣು ಆಕೆಯ ಕಿವಿಯ ಮೇಲೆ ಬಿತ್ತು. "ಯಾವ ಅಂಗಡಿದ್ರೀ ಆಂಟಿ? ನನಗೂ ಬೇಕಾಗಿತ್ತು." ಮಾಲೀಕ ಈಗ ತನ್ನ ಸರದಿ ಎಂದುಕೊಂಡು ನಕ್ಕ. "ಹಾಲ್‌ಮಾರ್ಕ್ ಅದ ಏನ್ರೀ ಅಕ್ಕಾರ ಅದಕ್ಕ?" ದಾಗೀನದಕ್ಕ ಝುಮಕಿ ಬಿಚ್ಚಿ ಭೂತಗನ್ನಡಿಯ ಕೆಳಗಿಟ್ಟಳು. ಆತ ಬಗ್ಗಿ ಓದಿದ. 'ಮುಹೂರ್ತ 12-05.'

ಆ ಜೋಡಿ ಅಲ್ಲೇ ಅರವತ್ತು ರೂಪಾಯಿಗೆ ಹೋಯಿತು. ಹುಡುಗಿ ಚೌಕಾಸಿ ಮಾಡಲಿಲ್ಲ. ಇಡೀ ದಿನ ಮಜೂರಿ ಬರೆಯುವ ಕೈ ಅದು.

ಮುಂದಿನ ಸಂಘದ ಸಭೆಗೆ ದಾಗೀನದಕ್ಕ ಝುಮಕಿಯ ಜೊತೆಗೆ ಚೀಟಿಗಳನ್ನೂ ಬರೆದು ಒಯ್ದಿದ್ದಳು. ಮಾಲು: ಸೊನ್ನೆ. ಮಜೂರಿ: ಐವತ್ತು. ವೇಸ್ಟೇಜು: ಹತ್ತು. ಒಟ್ಟು ಅರವತ್ತು.

"ಯಕ್ಕಾ, ಮಜೂರಿ ಇರ್ಲಿ. ಕಸದಾಗ ಮಾಡಿದ್ದಕ್ಕ ವೇಸ್ಟೇಜು ಯಾಕ?" ಎಂದು ಅದೇ ದನಿ ಕೇಳಿತು.

"ಬಂಗಾರದ ಅಂಗಡ್ಯಾಗ ಕೇಳೀದೇನು?"

ಯಾರೂ ಎಂದೂ ಕೇಳಿರಲಿಲ್ಲ. ಒಬ್ಬೊಬ್ಬರೇ ಸೆರಗಿನ ಗಂಟು ಬಿಚ್ಚಿದರು.