ಪರೇಲಿನ ರಿಸರ್ಚ್ ರಾಯರು

ಮನೆಯಲ್ಲಿ ಅವರಿಗೆ ಇಟ್ಟ ಹೆಸರು ಬೇರೆ ಇದ್ದೀತು. ಆದರೆ ಮುಂಬಯಿಯ ಮಾಟುಂಗದ ಕನ್ನಡ ಸಮಾರಂಭಗಳಲ್ಲಿ, ಲೋಕಲ್ ಟ್ರೈನಿನ ಫಸ್ಟ್ ಕ್ಲಾಸಿನಲ್ಲಿ, ಸೊಸೈಟಿಯ ಲಿಫ್ಟಿನಲ್ಲಿ ನಮಗೆ ಎದುರಾಗುವ ಈ ಬಗೆಯ ಅಪ್ಪಂದಿರಿಗೆಲ್ಲ ಒಂದೇ ಹೆಸರು ಸಾಕು: ರಿಸರ್ಚ್ ರಾಯರು. ರಿಸರ್ಚ್ ಮಾಡುವವನು ಮಗ. ಹನ್ನೊಂದನೇ ತರಗತಿ, ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವ ವಯಸ್ಸು. ರಿಸರ್ಚಿನ ದಣಿವು ಮಾತ್ರ ಪೂರ್ತಿ ಅಪ್ಪನದು.

ರಾಯರ ವಾಸ ಪರೇಲಿನ ಟವರೊಂದರ ಮೂವತ್ತೆರಡನೇ ಮಹಡಿಯಲ್ಲಿ. ಅವರ ತಂದೆ ಉಡುಪಿಯ ಕಡೆಯಿಂದ ಬಂದು, ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದವರು. ಆಗ ಈ ಸೀಮೆಗೆ ಗಿರಣಗಾಂವ್ ಎಂದು ಹೆಸರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಬಟ್ಟೆ ಗಿರಣಿ ಮುಷ್ಕರ ಶುರುವಾಯಿತು, ಗಿರಣಿಗಳು ಒಂದೊಂದಾಗಿ ಕದ ಮುಚ್ಚಿದವು, ಆ ನೆಲದ ಮೇಲೆ ಟವರುಗಳು ಎದ್ದವು. ಕೆಲವು ಕಡೆ ಹಳೆಯ ಚಿಮಣಿಯನ್ನು ಅಲಂಕಾರಕ್ಕೆ ಉಳಿಸಿಕೊಂಡಿದ್ದಾರೆ. ರಾಯರು ಮಗನ ಅಜ್ಜನನ್ನು ಉಳಿಸಿಕೊಂಡದ್ದೂ ಹಾಗೆಯೇ. ಇಷ್ಟು ವರ್ಷ ನೆಂಟರ ಮುಂದೆ ಬಾಯಿ ಬಿಡದೆ ಬಚ್ಚಿಟ್ಟಿದ್ದ ಆ ಲೋಟಗಳು ಈಗ ಮೊಮ್ಮಗನ ವಿದೇಶಿ ಕಾಲೇಜಿನ ಅರ್ಜಿಯ ಮೊದಲ ಪ್ಯಾರಾದಲ್ಲಿ ಥಳಥಳ ಹೊಳೆಯುತ್ತಿವೆ. ಗಂಟೆಗಿಷ್ಟು ಎಂದು ಫೀಸು ತೆಗೆದುಕೊಳ್ಳುವ ಕೌನ್ಸೆಲರ್ ಓದಿ ಹೇಳಿದರಂತೆ, "ಕಥೆ ಚೆನ್ನಾಗಿದೆ ಸರ್, ಬಡತನ ಇನ್ನೂ ಸ್ವಲ್ಪ ಸೇರಿಸಬಹುದು."

ಮುಂಬಯಿ ಕನ್ನಡಿಗರ ಮಕ್ಕಳಿಗೆ ಮೇ ತಿಂಗಳೆಂದರೆ ಊರು ಎಂದಿದ್ದ ಕಾಲವೊಂದಿತ್ತು. ಕೊಂಕಣ ರೈಲು ಬರುವ ಮೊದಲು ಬಸ್ಸಿನಲ್ಲಿ ಘಟ್ಟ ಸುತ್ತಿ, ವಾಂತಿ ಮಾಡಿಕೊಂಡಾದರೂ ಹೋಗಿ ಹಲಸಿನ ಹಣ್ಣು ತಿಂದು ಬರುತ್ತಿದ್ದರು. ಈಗ ದೀಪಾವಳಿಯ ಚಕ್ಕುಲಿ ಮುಗಿಯುವ ಮೊದಲೇ ರಾಯರು ಸಿಕ್ಕಸಿಕ್ಕವರನ್ನು ಹಿಡಿದು ಕೇಳುತ್ತಾರೆ: "ನಿಮ್ಮವನದು ಸಮ್ಮರ್‌ಗೆ ಏನು?" ಊರಿಗೆ ಕಳಿಸುತ್ತೇವೆ ಎಂದರೆ ಅವರ ಮುಖದಲ್ಲಿ ಮೂಡುವ ಅನುಕಂಪವನ್ನು ನೋಡಿಯೇ ತಿಳಿಯಬೇಕು. ಫೀಸು ಕಟ್ಟಿ ರಿಸರ್ಚ್ ಪ್ರೋಗ್ರಾಮಿಗೆ ಸೇರಿಸಿರುವ ಅವರ ಮಗನಿಗೆ ಬೇಸಿಗೆಯಲ್ಲಿ ಪುರುಸೊತ್ತಿಲ್ಲ. ಎಂಟು ವಾರದಲ್ಲಿ ಪ್ರಪಂಚದ ಒಂದು ಸಮಸ್ಯೆಯನ್ನು ಬಗೆಹರಿಸಬೇಕು, ಆಮೇಲೆ ಎಸ್‌ಎಟಿ ಕ್ಲಾಸಿದೆ.

ಯಾವ ಸಮಸ್ಯೆ ಎಂಬುದನ್ನು ತೀರ್ಮಾನಿಸಲು ಮನೆಯಲ್ಲಿ ಒಂದು ಸಭೆಯೇ ನಡೆಯಿತು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಹದಿನೇಳು ಸುಸ್ಥಿರ ಅಭಿವೃದ್ಧಿ ಗುರಿಗಳ ಬಣ್ಣದ ಪಟ್ಟಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ರಾಯರು ಒಂದೊಂದಾಗಿ ಬೆರಳಿಟ್ಟರು.

"ಹವಾಮಾನ ಬದಲಾವಣೆ?"

"ಬೇಡಪ್ಪಾ, ತುಂಬಾ ಕಾಂಪಿಟಿಷನ್."

"ಹಸಿವು?"

"ಅದನ್ನು ಚೆಂಬೂರಿನ ಚಿಕ್ಕಪ್ಪನ ಮಗಳು ಹೋದ ವರ್ಷ ಮಾಡಿ ಮುಗಿಸಿದಳು."

"ಸಮುದ್ರದ ಪ್ಲಾಸ್ಟಿಕ್?"

"ಮೆಂಟರ್ ಸಿಗುತ್ತಿಲ್ಲ."

ಕೊನೆಗೆ ಆರನೆಯ ಗುರಿ, ಶುದ್ಧ ನೀರು, ಖಾಲಿ ಇದ್ದಂತೆ ಕಂಡಿತು. ಮುಂಬಯಿಯ ನೀರು ಸಣ್ಣ ವಿಷಯವಾಯಿತು, ಇಂಪ್ಯಾಕ್ಟ್ ಸಾಲದು ಎಂದು ಆಫ್ರಿಕಾ ಖಂಡವನ್ನು ಆರಿಸಿದರು. ಅದರಲ್ಲೂ ಎಐ ಇರಲೇಬೇಕು. ಎಐ ಇಲ್ಲದ ಬಾಯಾರಿಕೆಯನ್ನು ಈಗ ಯಾರೂ ಕೇಳುವುದಿಲ್ಲವಂತೆ.

ಮೆಂಟರ್ ಎಂದರೆ ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಾ ಬಾಡಿಗೆ ಕಟ್ಟಲು ಪರದಾಡುತ್ತಿರುವ ಒಬ್ಬ ಹುಡುಗ. ವಾರಕ್ಕೊಮ್ಮೆ ರಾತ್ರಿ ಜೂಮಿನಲ್ಲಿ ಬರುತ್ತಾನೆ. ಕ್ಯಾಮೆರಾದ ಮುಂದೆ ಮಗ, ಕ್ಯಾಮೆರಾಗೆ ಕಾಣದ ಹಾಗೆ ಸೋಫಾದ ತುದಿಯಲ್ಲಿ ರಾಯರು, ತೊಡೆಯ ಮೇಲೆ ನೋಟ್‌ಬುಕ್ಕು. ಮೆಂಟರ್ ಪಾಪ ಕೇಳುತ್ತಾನೆ: "ಈ ವಿಷಯದಲ್ಲಿ ನಿನಗೆ ಏನು ಕುತೂಹಲ?" ಮಗ ಸೋಫಾದ ಕಡೆ ನೋಡುತ್ತಾನೆ. ರಾಯರು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದು ಎತ್ತಿ ಹಿಡಿಯುತ್ತಾರೆ: ಪಬ್ಲಿಕೇಷನ್ ಯಾವಾಗ?

ಸಂಶೋಧನೆ ಎಂದ ಮೇಲೆ ಸರ್ವೆ ಬೇಡವೇ? ಗೂಗಲ್ ಫಾರ್ಮೊಂದು ತಯಾರಾಗಿ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಬಂತು. ‘ನಿಮ್ಮ ಸಮುದಾಯ ನೀರಿಗಾಗಿ ಎಷ್ಟು ದೂರ ನಡೆಯುತ್ತದೆ?’ ಎಂಬ ಪ್ರಶ್ನೆಗೆ ನಮ್ಮ ಮಹಡಿಯ ಮಾಮಿ, ಬೆಡ್‌ರೂಮಿನಿಂದ ಫ್ರಿಜ್‌ವರೆಗೆ ಎಂದು ಪ್ರಾಮಾಣಿಕವಾಗಿ ತುಂಬಿದರು. ಅದೇ ಹೊತ್ತಿಗೆ ರಾಯರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಬಾಯಿ, ತನ್ನ ಚಾಳಿನ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆಂದು ಕತ್ತಲಲ್ಲೇ ಎದ್ದು, ಸಾಲಿನಲ್ಲಿ ಹಂಡೆಯಿಟ್ಟು, ನೆರೆಯವಳೊಡನೆ ಜಗಳ ಮುಗಿಸಿ ಬಂದವಳು. ನೀರಿನ ಸಮಯ, ಒತ್ತಡ, ರಾಜಕೀಯ, ಎಲ್ಲ ಆಕೆಗೆ ಬಾಯಿಪಾಠ. ಹುಡುಗ ಅವಳನ್ನು ಏನೂ ಕೇಳಲಿಲ್ಲ. ಪ್ರಬಂಧದಲ್ಲಿ ಮಾತ್ರ ಸ್ಟೇಕ್‌ಹೋಲ್ಡರ್ ಎಂಬ ಮಾತು ಹದಿನಾಲ್ಕು ಕಡೆ ಬಂದಿದೆ.

ನಾನೂ ಸುಮ್ಮನಿರಲಾರದೆ ಒಮ್ಮೆ ಸಲಹೆ ಕೊಟ್ಟೆ. 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ, ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಕೇರಿಯದೇ ಒಂದು ಸಮಸ್ಯೆ ಹಿಡಿದು ಅಳೆದು ನೋಡುತ್ತಾರೆ, ಹಳ್ಳಿ ಶಾಲೆಯ ಹುಡುಗರೂ ಮಾಡುತ್ತಾರೆ ಎಂದೆ. ಮಾನ್ಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವೇ ಇದೆಯಲ್ಲ ಎಂದೆ. "ಫೀಸೆಷ್ಟು?" ಎಂದರು ರಾಯರು. ಲೆಕ್ಕಕ್ಕೆ ಬರುವಂಥದ್ದೇನೂ ಇಲ್ಲ ಎಂದೆ. "ಹಾಗಾದರೆ ಅದಕ್ಕೆ ವ್ಯಾಲ್ಯೂ ಇರುವುದಿಲ್ಲ ಬಿಡಿ." ಎಂಐಟಿಯಲ್ಲಿ ನಡೆಯುವ, 1984ರಲ್ಲಿ ಶುರುವಾದ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನಲ್ಲೂ ಬೋಧನಾ ಶುಲ್ಕವಿಲ್ಲ ಎಂದಾಗ ಮಾತ್ರ ಸ್ವಲ್ಪ ಗಲಿಬಿಲಿಗೊಂಡರು. ಆಯ್ಕೆಯಾಗುವುದೇ ಕಷ್ಟವಾದ ಕಡೆ ದುಡ್ಡು ಕೇಳುವುದಿಲ್ಲ, ದುಡ್ಡು ಕೇಳುವ ಕಡೆ ಆಯ್ಕೆಯಾಗುವುದು ಅಷ್ಟು ಕಷ್ಟವಿಲ್ಲ ಎಂಬ ಸರಳ ಸೂತ್ರ ಅವರಿಗೆ ಹಿಡಿಸಲಿಲ್ಲ.

ಇನ್ನೊಂದು ಸಲ, ಹೈಸ್ಕೂಲು ಮಕ್ಕಳನ್ನು ಹಣಕ್ಕೆ ಸಂಶೋಧನಾ ಲೇಖಕರನ್ನಾಗಿ ಮಾಡುವ ವ್ಯಾಪಾರದ ಬಗ್ಗೆ ಅಮೆರಿಕದ ಪ್ರೊಪಬ್ಲಿಕಾ 2023ರಲ್ಲಿ ಬರೆದ ತನಿಖಾ ವರದಿಯನ್ನು ಅವರಿಗೆ ಕಳಿಸಿದೆ. ತಕ್ಷಣ ಫೋನು ಬಂತು. "ಥ್ಯಾಂಕ್ಸ್! ಇದರಲ್ಲಿ ಇನ್ನೂ ಎರಡು ಮೂರು ಒಳ್ಳೆಯ ಪ್ರೋಗ್ರಾಮಿನ ಹೆಸರು ಸಿಕ್ಕಿತು."

ರಾಯರ ಬಾಲ್ಕನಿಯಿಂದ ಕೆಳಗೆ ಬಗ್ಗಿದರೆ ಕಾಣುವುದು ಸಂಶೋಧನೆಯೇ. ಒಂದು ಕಡೆ ಕೆಇಎಂ ಆಸ್ಪತ್ರೆ, ಇನ್ನೊಂದು ಕಡೆ 1941ರ ಟಾಟಾ ಮೆಮೋರಿಯಲ್ ಆಸ್ಪತ್ರೆ, 1886ರ ಪಶುವೈದ್ಯ ಕಾಲೇಜು, ಮರಗಳ ನಡುವೆ ಹಾಫ್‌ಕಿನ್ ಸಂಸ್ಥೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಡಿದಾಗ ಒಡೆಸ್ಸಾದಲ್ಲಿ ಹುಟ್ಟಿದ ಹಾಫ್‌ಕಿನ್ ಸಾಹೇಬ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ, ಬೆರಳೆಣಿಕೆಯ ಸಹಾಯಕರೊಡನೆ ಕೆಲಸಕ್ಕೆ ಕೂತ. ಆಡಿನ ಮಾಂಸದ ಸಾರಿನ ಮೇಲೆ ನಮ್ಮ ಅಡುಗೆಮನೆಯ ತುಪ್ಪವನ್ನೇ ತೇಲಿಸಿ ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಸಿದ. 1897ರ ಜನವರಿ 10ರಂದು ಲಸಿಕೆಯ ಸೂಜಿಯನ್ನು ಮೊದಲು ತನಗೇ ಚುಚ್ಚಿಕೊಂಡ. 1899ರಲ್ಲಿ ಆ ಪ್ರಯೋಗಾಲಯ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂತು, 1925ರಲ್ಲಿ ಅದಕ್ಕೆ ಅವನ ಹೆಸರಿಟ್ಟರು. ಈ ಕಥೆಯನ್ನೆಲ್ಲ ರಾಯರು ಗಮನವಿಟ್ಟು ಕೇಳಿದರು. ಕೇಳಿ, ಒಂದೇ ಪ್ರಶ್ನೆ ಹಾಕಿದರು: "ಹೈಸ್ಕೂಲಿನಲ್ಲಿದ್ದಾಗ ಅವನ ಪ್ರೊಫೈಲ್ ಹೇಗಿತ್ತು?"

ಜುಲೈ ಬಂತು. ಕೊನೆಯ ಪ್ರೆಸೆಂಟೇಷನ್ ದಿನ. ಬಾಂದ್ರಾದ ಹೋಟೆಲೊಂದರಲ್ಲಿ ವೇದಿಕೆ, ಬ್ಯಾನರು, ಕೊರಳಿಗೆ ಐಡಿ ಕಾರ್ಡು. ಬೆಳಗಿನಿಂದ ಮಳೆ. ದಾದರಿನಿಂದ ಬ್ಲೇಜರ್ ತೆಗೆದುಕೊಂಡು ಹೋಗೋಣವೆಂದು ಹೊರಟ ಕಾರು ಹಿಂದ್‌ಮಾತಾ ಚೌಕದಲ್ಲಿ ನಿಂತುಬಿಟ್ಟಿತು. ಬಾಗಿಲಿನ ಅರ್ಧಕ್ಕೆ ನೀರು. ಮಗನ ತೊಡೆಯ ಮೇಲೆ ಲ್ಯಾಪ್‌ಟಾಪು, ಅದರಲ್ಲಿ ಆಫ್ರಿಕಾದ ಬರ.

ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ ಹುಡುಗ ಡ್ರೈವರನ್ನು ಕೇಳಿದ: "ನೀರು ಇಲ್ಲೇ ಯಾಕೆ ನಿಲ್ಲುತ್ತೆ ಭಯ್ಯಾ?" ಡ್ರೈವರಿಗೆ ಈ ರಸ್ತೆಯಲ್ಲಿ ಅರ್ಧ ಆಯುಸ್ಸು ಕಳೆದಿದೆ. ಈ ಜಾಗ ತಟ್ಟೆಯ ಹಾಗೆ ತಗ್ಗು, ಸುತ್ತಲ ನೀರೆಲ್ಲ ಇಲ್ಲಿಗೇ ಬರುತ್ತದೆ, ಜೋರು ಮಳೆಯ ಹೊತ್ತಿಗೆ ಸಮುದ್ರಕ್ಕೂ ಭರತಿ ಬಂದರೆ ಹೋಗಲು ದಾರಿಯಿಲ್ಲ ಎಂದ. ಪಾಲಿಕೆ ಈಗ ಪ್ರಮೋದ್ ಮಹಾಜನ್ ಪಾರ್ಕಿನ ಅಡಿ, ಪರೇಲಿನ ಸೇಂಟ್ ಝೇವಿಯರ್ ಮೈದಾನದ ಅಡಿ ದೊಡ್ಡ ಟಾಕಿ ಕಟ್ಟಿಸಿ ಪಂಪಿನಲ್ಲಿ ನೀರನ್ನು ಅಲ್ಲಿಗೆ ಕಳಿಸುತ್ತದೆ ಎಂದೂ ಹೇಳಿದ. "ಟಾಕಿ ಎಷ್ಟು ದೊಡ್ಡದು? ತುಂಬಿದರೆ? ಭರತಿ ಎಷ್ಟು ಗಂಟೆಗೆ?" ಹುಡುಗ ಮುಂದಿನ ಸೀಟಿನ ಮೇಲೆ ಬಾಗಿ ಒಂದರ ಮೇಲೊಂದು ಕೇಳತೊಡಗಿದ. ಎಂಟು ವಾರದಲ್ಲಿ ಅವನ ಬಾಯಿಂದ ಬಂದ ಮೊದಲ ಸ್ವಂತ ಪ್ರಶ್ನೆಗಳು ಇವು, ಅದೂ ಸೋಫಾದ ಕಡೆ ನೋಡದೆ.

"ಅದೆಲ್ಲ ಆಮೇಲೆ," ಎಂದರು ರಾಯರು, "ಮೊದಲು ಪ್ರಪಂಚದ ಸಮಸ್ಯೆ ಮುಗಿಸು."

ಸರ್ಟಿಫಿಕೇಟು ಬಂತು, ಫ್ರೇಮಾಯಿತು, ಹಾಲಿನಲ್ಲಿ ಅಜ್ಜನ ಫೋಟೋದ ಪಕ್ಕಕ್ಕೆ ಏರಿತು. ರಾಯರನ್ನು ಬೈದು ಪ್ರಯೋಜನವಿಲ್ಲ. ಮಗ ಮುಂದೆ ಬರಲಿ ಎಂಬ ಆಸೆ ಲೋಟ ತೊಳೆದ ಅಜ್ಜನಿಗೂ ಇತ್ತು. ಒಂದೇ ವ್ಯತ್ಯಾಸ, ಅಜ್ಜ ಮಗನನ್ನು ಶಾಲೆಗೆ ಕಳಿಸಿ ತಾವು ಹೋಟೆಲಿಗೆ ಹೋದರು, ರಾಯರು ಮಗನ ಜೊತೆ ತಾವೂ ಕ್ಲಾಸಿನಲ್ಲಿ ಕೂತಿದ್ದಾರೆ. ಆದ್ದರಿಂದ ನಮ್ಮ ನಡುವಿನ ಎಲ್ಲ ರಾಯರಿಗೂ ಒಂದು ವಿನಂತಿ: ಮುಂದಿನ ಬೇಸಿಗೆಗೆ ಫೀಸು ಕಟ್ಟುವ ಮೊದಲು ಮಗುವನ್ನು ನಿನಗೇನು ತಿಳಿಯಬೇಕು ಎಂದು ಕೇಳಿ, ಕೇಳಿ ಆ ಕೋಣೆಯಿಂದ ಎದ್ದು ಹೊರಗೆ ಬನ್ನಿ. ಉತ್ತರ ಬಂದರೆ ಒಂದು ಅಡಿಕೋಲು, ಒಂದು ನೋಟ್‌ಬುಕ್ಕು, ಒಂದು ಜೊತೆ ರಬ್ಬರ್ ಚಪ್ಪಲಿ ಕೊಡಿಸಿ. ಬಾರದಿದ್ದರೆ ಊರಿಗೆ ಕಳಿಸಿ, ಹಲಸಿನ ಹಣ್ಣಿಗೆ ಯಾವ ಲಾಸ್ಟ್ ಡೇಟೂ ಇಲ್ಲ, ಮಳೆ ಹಿಡಿಯುವ ಮುಂಚೆ ಹೋದರಾಯಿತು.